ಮುಂದಿನವರು ಯಾರು?

ಬೆಂಗಳೂರಿನಲ್ಲಿ ನಾನಿದ್ದ ಹಾಸ್ಟೆಲಿನಿಂದ ಕಳೆದ ತಿಂಗಳು ಒಂದು ಪತ್ರ ಬಂತು. ಕಟ್ಟಡ ಹಳತಾಗಿದೆ, ಮದ್ರಾಸ್ ತಾರಸಿ ಸೋರುತ್ತಿದೆ, ತೊಲೆಗಳಿಗೆ ಗೆದ್ದಲು ಹಿಡಿದಿದೆ. 'ಮುಂದಿನ ವಿದ್ಯಾರ್ಥಿಗಳಿಗಾಗಿ' ಹಳೆಯ ವಿದ್ಯಾರ್ಥಿಗಳು ಕೈಲಾದಷ್ಟು ಕೊಡಬೇಕು ಎಂದಿತ್ತು. ಸೋಲೂರಿನಿಂದ ಟ್ರಂಕು ಹೊತ್ತು ಮೆಜೆಸ್ಟಿಕ್ಕಿನಲ್ಲಿ ಇಳಿದ ನನಗೆ ಅನ್ನ, ಸೂರು ಎರಡನ್ನೂ ಕೊಟ್ಟ ಮನೆ ಅದು. ಕೊಡಬೇಕೋ ಬೇಡವೋ ಎಂಬ ಅನುಮಾನ ನನಗಿರಲಿಲ್ಲ. ಆದರೆ ಆ 'ಮುಂದಿನ ವಿದ್ಯಾರ್ಥಿ' ಯಾರು ಎಂಬುದು ಕಾಡತೊಡಗಿತು.

ಅಂದು ಅದೇ ಬಸ್ಸಿನಲ್ಲಿ ನಮ್ಮೂರಿನ ಗೆಳೆಯನೊಬ್ಬ ನನ್ನ ಜೊತೆ ಬಂದಿದ್ದ. ನನಗಿಂತ ಹೆಚ್ಚು ಅಂಕ, ನನಗಿಂತ ಕಡಿಮೆ ಜಮೀನು. ಅರ್ಜಿಯ ಜಾತಿಯ ಕಾಲಂ ನನ್ನನ್ನು ಒಳಗೆ ಕರೆಯಿತು, ಅವನನ್ನು ಹೊರಗೇ ನಿಲ್ಲಿಸಿತು. ಒಂದು ವರ್ಷ ಊರಿನಿಂದಲೇ ಓಡಾಡಿದ. ಎರಡನೇ ವರ್ಷ ಕಾಲೇಜು ಬಿಟ್ಟ.

ಇಂಥ ಹಾಸ್ಟೆಲುಗಳು ಹುಟ್ಟಿದ್ದೇ ಮುಚ್ಚಿದ ಬಾಗಿಲುಗಳ ಎದುರು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದ ಕಾಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು ಅದಕ್ಕಾಗಿಯೇ. ಅದಕ್ಕೂ ಮೊದಲೇ, 1906ರಲ್ಲಿ, ಒಕ್ಕಲಿಗರ ಸಂಘ ಹುಟ್ಟಿತ್ತು. ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರದಲ್ಲಿ ಪ್ರಯಾಣಿಕರ ಜೊತೆಗೆ ಲಿಂಗಾಯತ ವಿದ್ಯಾರ್ಥಿಗಳಿಗೂ ಜಾಗ ಸಿಕ್ಕಿತು. ಹಳ್ಳಿಯ ಹುಡುಗರು ಓದಿದ್ದು ಇಂಥ ಸೂರುಗಳ ಕೆಳಗೆ. ಆ ಋಣವನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ.

'ಹಾಗಾದರೆ ಬಾಗಿಲು ಎಲ್ಲರಿಗೂ ತೆರೆಯಲಿ' ಎನ್ನುವುದೂ ಅಷ್ಟು ಸಲೀಸಲ್ಲ. ದಾನಿಗಳು ತಮ್ಮವರಿಗೆಂದು ನಂಬಿ ಕೊಟ್ಟ ಹಣ ಅದು. ನನ್ನ ಜಾತಿಯಲ್ಲೂ ಬಡವರಿದ್ದಾರೆ. ಒಂದು ಮಂಚ ಹೊರಗಿನವನಿಗೆ ಹೋದರೆ ಒಳಗಿನವನೊಬ್ಬ ಊರಿಗೆ ಮರಳಬೇಕಾಗಬಹುದು. ಆದರೂ ಕೇಳಬೇಕಾಗುತ್ತದೆ: ಆ ದಾನಿ ಬಯಸಿದ್ದು ಏನನ್ನು? ಜಾತಿಯ ಹೆಸರು ಉಳಿಯಲಿ ಎಂದೋ, ಸೂರಿಲ್ಲದೆ ಯಾವ ಹುಡುಗನ ಓದೂ ನಿಲ್ಲದಿರಲಿ ಎಂದೋ? ಅಂದು ಎರಡೂ ಒಂದೇ ಆಗಿದ್ದವು. ಇಂದು ಬೇರೆಯಾಗಿವೆ. ನಮ್ಮ ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ ಸಿದ್ಧಗಂಗೆಯಲ್ಲಿ ಎಲ್ಲ ಜಾತಿ, ಧರ್ಮಗಳ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಅದರಿಂದ ಮಠ ತನ್ನತನವನ್ನು ಕಳೆದುಕೊಂಡಿತೆಂದು ಯಾರೂ ಹೇಳುವುದಿಲ್ಲ.

ಹಳೆಯ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಯಬಾರದೆಂದು ಬಲ್ಲವರು ಹೇಳುತ್ತಾರೆ. ಹೊರಗೆ ಗಟ್ಟಿಯಾಗಿ ಕಾಣುತ್ತದೆ, ಆದರೆ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಸಂಸ್ಥೆಗಳ ವಿಷಯದಲ್ಲೂ ಇದು ನಿಜವೆಂದು ನನಗನ್ನಿಸುತ್ತದೆ.

ಫೆಲೋಶಿಪ್ಪಿನಲ್ಲಿ ಉಳಿಸಿದ್ದನ್ನು ತಾರಸಿಗೆಂದು ಕಳಿಸಿದೆ, ಷರತ್ತು ಹಾಕಲಿಲ್ಲ. ಋಣ ತೀರಿಸುವಾಗ ಷರತ್ತು ಹಾಕುವುದು ಸರಿಯಲ್ಲವೆನಿಸಿತು. ಜೊತೆಗೆ ಒಂದು ಕಾಗದ ಬರೆದೆ: ದುರಸ್ತಿಯಾದ ಕೋಣೆಗಳಲ್ಲಿ ಕೆಲವನ್ನಾದರೂ ಜಾತಿ ಕೇಳದೆ ಕೊಡಿ ಎಂದು. ಇನ್ನೂ ಉತ್ತರ ಬಂದಿಲ್ಲ.

ಊರಿಗೆ ಹೋದಾಗ ಗೆಳೆಯನಿಗೆ ಇದನ್ನು ಹೇಳಿದೆ. ಅವನು ನಕ್ಕ. "ನನ್ನ ಮಗ ಇನ್ನೂ ಅಂಗನವಾಡಿಗೆ ಹೋಗ್ತಾವ್ನೆ ಕಣೋ. ನಿಧಾನವಾಗಿ ಯೋಚ್ನೆ ಮಾಡ್ಲಿ ಬಿಡು."