ಒಪ್ಪಿಸುವುದೂ ಬಿಡುವುದೂ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಈ ಗಾದೆಯಲ್ಲಿ ಸ್ವಲ್ಪ ಹಾಸ್ಯವೂ ಸ್ವಲ್ಪ ಕ್ಷಮೆಯೂ ಸೇರಿಕೊಂಡಿವೆ. ಮುದುಕರು ಹೇಳಿದುದನ್ನೇ ಹೇಳಿದರೆ, ಇಟ್ಟ ವಸ್ತುವನ್ನು ಮರೆತರೆ, ಮನೆಯವರು ನಕ್ಕು ಸುಮ್ಮನಾಗುವುದುಂಟು. ಆದರೆ ನಗಲಾಗದಷ್ಟು ಮರವೆ ಕವಿದಾಗ, ತಮ್ಮ ಮನೆಯಲ್ಲಿಯೇ ಕುಳಿತು ‘ಮನೆಗೆ ಹೋಗಬೇಕು’ ಎಂದು ಅಳುವಾಗ, ನಡುರಾತ್ರಿಯಲ್ಲಿ ಅಗುಳಿ ತೆಗೆದು ಬೀದಿಗೆ ಹೊರಡುವಾಗ, ಗಾದೆಯು ನಮ್ಮ ನೆರವಿಗೆ ಬರುವುದಿಲ್ಲ. ಅಂಥವರ ಆರೈಕೆಗೆಂದೇ ಏರ್ಪಟ್ಟ ಗೃಹಗಳು ಈಗ ನಮ್ಮ ನಗರಗಳಲ್ಲಿವೆ. ನಮ್ಮವರನ್ನು ಅಲ್ಲಿಗೆ ಕಳುಹಿಸಬಹುದೆ? ಕಳುಹಿಸುವುದಾದರೆ, ಅದು ತಕ್ಕ ಮನೆಯೆಂದು ಯಾವ ಅಳತೆಯಿಂದ ನಿರ್ಣಯಿಸಬೇಕು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ಇವು ನನಗೆ ಗ್ರಂಥಗಳಿಂದ ಬಂದವಲ್ಲ. ನನ್ನ ಸೋದರತ್ತೆಯವರ ದೆಸೆಯಿಂದ ಬಂದವು.

ಮೊದಲು ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕು. ಈ ಮರವೆ ಮುಪ್ಪಿನ ಸಹಜಧರ್ಮವಲ್ಲ, ಮಿದುಳಿನ ವ್ಯಾಧಿ. ಜರ್ಮನಿಯ ವೈದ್ಯ ಆಲಾಯ್ಸ್ ಆಲ್ಜೈಮರ್, ತಾನು ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕಂಡಿದ್ದ ಒಬ್ಬ ಹೆಂಗಸಿನ ಮಿದುಳನ್ನು ಆಕೆಯ ಮರಣಾನಂತರ ಪರೀಕ್ಷಿಸಿ, ಅಲ್ಲಿ ತೋರಿದ ವಿಕಾರಗಳನ್ನು 1906ರಲ್ಲಿ ವೈದ್ಯರ ಸಭೆಯೊಂದರ ಮುಂದೆ ವಿವರಿಸಿದನು. ಆಕೆ ಆಸ್ಪತ್ರೆಗೆ ಸೇರಿದಾಗ ಆಕೆಯ ವಯಸ್ಸು 51 ಮಾತ್ರ. ಡಿಮೆನ್ಷಿಯ ಎಂದು ವೈದ್ಯರು ಕರೆಯುವ ವ್ಯಾಧಿಗಳಲ್ಲಿ ಇಂದಿಗೂ ಆತನ ಹೆಸರಿನ ರೋಗವೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣತಕ್ಕದ್ದು. ಭಾರತದಲ್ಲಿ 60 ವರ್ಷ ತುಂಬಿದವರಲ್ಲಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಕ್ಕೆ ಒಳಗಾಗಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆಲ್ಜೈಮರ್ ರೋಗವನ್ನು ನಿವಾರಿಸುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದ ಆರೈಕೆಯೇ ಇಲ್ಲಿ ಚಿಕಿತ್ಸೆಯ ಬಹುಭಾಗ.

ಮೊದಲನೆಯ ಪ್ರಶ್ನೆಗೆ ಪೂರ್ವಪಕ್ಷವು ಸುಲಭವಾಗಿ ಹೊಳೆಯುತ್ತದೆ. ಶ್ರವಣಕುಮಾರನು ಕುರುಡರಾದ ತಂದೆತಾಯಿಗಳನ್ನು ಕಾವಡಿಯಲ್ಲಿ ಹೊತ್ತು ತೀರ್ಥಯಾತ್ರೆ ಮಾಡಿಸಿದನೆಂದು ಎಳವೆಯಿಂದ ಕೇಳುತ್ತ ಬಂದಿದ್ದೇವೆ. ಅವನು ಹೊರುವವರನ್ನು ಕೂಲಿಗೆ ಗೊತ್ತುಮಾಡಲಿಲ್ಲ. ಹಿರಿಯರ ಋಣವನ್ನು ತಿಂಗಳ ಹಣ ಕೊಟ್ಟು ಪರರ ಕೈಯಿಂದ ತೀರಿಸಬಹುದೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಅದನ್ನು ಎತ್ತುವವರು ಒಂದು ಸಂಗತಿಯನ್ನು ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಕಾವಡಿಯನ್ನು ಹೊತ್ತವರು ಯಾರು? ಹೆಸರು ಮಗನದು, ಹೆಗಲು ಸೊಸೆಯದು, ಇಲ್ಲವೇ ತವರಿಗೆ ಮರಳಿದ ವಿಧವೆಯದು. ನನ್ನ ಅಜ್ಜಿ ಹಾಸಿಗೆ ಹಿಡಿದಿದ್ದ ನಾಲ್ಕು ವರ್ಷ ಅವರನ್ನು ಎತ್ತಿ ಇಳಿಸಿದವರು ಈ ಸೋದರತ್ತೆಯವರೇ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಬಂದ ಅವರಿಗೆ ಬೇರೆ ಯಾವ ಇಚ್ಛೆಯಿತ್ತೆಂದು ಯಾರೂ ಕೇಳಿದ ಹಾಗಿಲ್ಲ. ಈಚೆಗೆ ಅವರು ನಮ್ಮ ಮನೆಯಲ್ಲಿದ್ದ ಎರಡು ವರ್ಷ, ನಿದ್ರೆಗೆಟ್ಟು ಅವರ ಹಿಂದೆ ತಿರುಗಿದವಳು ನನ್ನ ಹೆಂಡತಿ. ಅತ್ತೆಯವರನ್ನು ಹೊರಗೆ ಕಳುಹಿಸುವುದು ಅಧರ್ಮವೆಂದು ನಾನು ನುಡಿಯುತ್ತಿದ್ದೆನು. ಆ ಧರ್ಮವನ್ನು ನಡೆಸುತ್ತಿದ್ದವಳು ಅವಳು. ಅವಳೇ ಕಾಯಿಲೆ ಬಿದ್ದ ಮೇಲೆ ನನಗೆ ಈ ವ್ಯತ್ಯಾಸ ತಿಳಿಯಿತು. ಮತ್ತೊಬ್ಬರ ದೇಹಶ್ರಮದಿಂದ ನಡೆಯುವ ಧರ್ಮದಲ್ಲಿ ಹಠ ಹಿಡಿಯುವ ಅಧಿಕಾರ ನಮಗಿಲ್ಲ.

ಹಾಗೆಂದು, ಕಳುಹಿಸಿದೊಡನೆ ಕರ್ತವ್ಯ ತೀರಿತೆಂದೂ ತಿಳಿಯಬಾರದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಒಂದು ಶಾಸನವಾಯಿತು. ಪೋಷಣೆಗೆ ತಿಂಗಳಿಗೆ 10,000 ರೂಪಾಯಿ ಮೀರದಂತೆ ಹಣ ಕೊಡಿಸುವುದಕ್ಕೆ ಅದರಲ್ಲಿ ಏರ್ಪಾಟಿದೆ. ನೋಡಿಕೊಳ್ಳಬೇಕಾದವರು ಹಿರಿಯರನ್ನು ಕೈಬಿಟ್ಟರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡೂ ವಿಧಿಸಬಹುದು. ಶಾಸನವು ಮಾಡಬಲ್ಲುದು ಇಷ್ಟೆ. ತಿಂಗಳು ತಿಂಗಳಿಗೂ ತಪ್ಪದೆ ಹಣ ಸಲ್ಲಿಸುತ್ತ, ವರ್ಷಕ್ಕೊಮ್ಮೆಯೂ ಮುಖ ತೋರಿಸದವನು ಶಾಸನದ ಕಣ್ಣಿಗೆ ಬೀಳುವುದಿಲ್ಲ. ಬಿಡುವುದಕ್ಕೂ ಒಪ್ಪಿಸುವುದಕ್ಕೂ ಇರುವ ಭೇದವನ್ನು ಅಂತಃಕರಣವೇ ಕಾಣಬೇಕು. ಒಪ್ಪಿಸುವವನು ಶ್ರಮವನ್ನು ಮತ್ತೊಬ್ಬರಿಗೆ ವಹಿಸುತ್ತಾನೆ. ಹೊಣೆಯನ್ನು ತನ್ನಲ್ಲಿಯೇ ಇರಿಸಿಕೊಳ್ಳುತ್ತಾನೆ. ಮಗುವನ್ನು ಶಾಲೆಗೆ ಒಪ್ಪಿಸಿದವನು ತಂದೆತನವನ್ನು ಉಪಾಧ್ಯಾಯರಿಗೆ ಕೊಟ್ಟು ಬರುವುದಿಲ್ಲವಷ್ಟೆ.

ಇನ್ನು ಎರಡನೆಯ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಮೂರು ಗೃಹಗಳನ್ನು ನೋಡಿದೆನು. ಮೊದಲನೆಯದು ಬಹು ಸುಂದರವಾಗಿತ್ತು. ಮುಂದೆ ಹೂದೋಟ, ಒಳಗೆ ಮುಖ ಕಾಣುವಂತೆ ಹೊಳೆಯುವ ನೆಲ, ಗೋಡೆಗಳ ಮೇಲೆ ಚಿತ್ರಪಟಗಳು. ವ್ಯವಸ್ಥಾಪಕರು ಒಂದು ಗಂಟೆಯ ಹೊತ್ತು ಎಲ್ಲವನ್ನೂ ವಿನಯದಿಂದ ತೋರಿಸಿದರು. ನನಗೆ ಸಮಾಧಾನವಾಯಿತು. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು: “ಅತ್ತೆಯವರ ವಿಚಾರವಾಗಿ ಏನು ಕೇಳಿದರು?” ಆಗ ಯೋಚಿಸಿ ನೋಡಿದರೆ, ವಯಸ್ಸು, ರೋಗ, ಹಣ ಕೊಡುವವರ ಹೆಸರು ಇಷ್ಟನ್ನು ಬಿಟ್ಟು ಅವರು ಬೇರೇನನ್ನೂ ಕೇಳಿರಲಿಲ್ಲ. ಆ ಹೂದೋಟವೂ ಆ ನೆಲವೂ ಅತ್ತೆಯವರಿಗಾಗಿ ಇದ್ದುವಲ್ಲ, ನನಗಾಗಿ ಇದ್ದುವು. ಕಣ್ಣು ಮಂದವಾದವರಿಗೆ ಹೊಳೆಯುವ ನೆಲವು ನೀರು ನಿಂತಂತೆ ತೋರಿ, ಹೆಜ್ಜೆಯಿಡುವುದಕ್ಕೇ ಅಂಜಿಕೆಯಾಗುವುದುಂಟು. ನಾನು ಪರೀಕ್ಷಿಸಲು ಹೋಗಿ, ನನ್ನ ಅಂತಃಕರಣಕ್ಕೆ ಬೇಕಾದ ಮದ್ದನ್ನು ಕೊಂಡು ಬಂದಿದ್ದೆನು.

ಎರಡನೆಯದಕ್ಕೆ ಹೇಳದೆ ಹೋದೆನು, ಸಂಜೆಯ ಹೊತ್ತಿಗೆ. ಈ ವ್ಯಾಧಿಯುಳ್ಳವರಲ್ಲಿ ಅನೇಕರಿಗೆ ತಳಮಳ ಹೆಚ್ಚುವುದು ಹೊತ್ತು ಇಳಿಯುವಾಗ. ಮನೆಯ ಗುಣ ತಿಳಿಯುವುದೂ ಆಗಲೇ. ಅಲ್ಲಿ ತಳಮಳವೇ ಕಾಣಲಿಲ್ಲ. ಎಂಟು ಹತ್ತು ಮಂದಿ ಕುರ್ಚಿಗಳಲ್ಲಿ ತಲೆ ವಾಲಿಸಿ ತೂಕಡಿಸುತ್ತಿದ್ದರು. ಇಬ್ಬರ ಸೊಂಟಕ್ಕೆ ಪಟ್ಟಿ ಕಟ್ಟಿತ್ತು. ಶಾಂತಿಗೂ ಜೋಂಪಿಗೂ ಅಂತರವುಂಟು. ಇಲ್ಲಿ ಬೇರೆ ಪ್ರಶ್ನೆ ಬೇಕಾಗಲಿಲ್ಲ.

ಮೂರನೆಯದು ಹಳೆಯ ಕಟ್ಟಡ. ಗೋಡೆಗೆ ಸುಣ್ಣ ಬಳಿದು ಬಹುಕಾಲವಾಗಿತ್ತು. ಮೇಲ್ವಿಚಾರಕಿಯವರು ಕಟ್ಟಡದ ಮಾತನ್ನೇ ಎತ್ತದೆ, ಕಾಗದ ಲೇಖಣಿಗಳನ್ನು ತೆಗೆದುಕೊಂಡು ನನ್ನನ್ನು ಕೇಳತೊಡಗಿದರು. ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು? ಬೆಳಗ್ಗೆ ಎಷ್ಟು ಹೊತ್ತಿಗೆ ಏಳುವ ವಾಡಿಕೆ? ಎದ್ದೊಡನೆ ಕೈ ಯಾವ ಕೆಲಸವನ್ನು ಹುಡುಕುತ್ತದೆ? ಯಾವುದಕ್ಕೆ ಹೆದರುತ್ತಾರೆ? ಏನು ಇಷ್ಟ? ನಾನು ಅರ್ಧಕ್ಕಿಂತ ಹೆಚ್ಚಿನ ಪ್ರಶ್ನೆಗಳಿಗೆ ತಡವರಿಸಿದೆನು. ಅವರು ಒಂದು ಬರೆಯದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಇದನ್ನು ತುಂಬಿಕೊಂಡು ಬನ್ನಿ, ಆಮೇಲೆ ಅಮ್ಮನವರನ್ನು ಕರೆತರುವಿರಂತೆ” ಎಂದರು.

ಅವರು ಮತ್ತೊಂದು ವಿಷಯವನ್ನೂ ಕೇಳಿದರು: “ಏಕಾದಶಿಗೆ ಏನು ಮಾಡೋಣ?” ಅತ್ತೆಯವರು ಅರವತ್ತು ವರ್ಷ ಏಕಾದಶಿಯಂದು ಉಪವಾಸವಿದ್ದವರು, ಪರರು ಬೇಯಿಸಿದುದನ್ನು ಮುಟ್ಟದವರು. ಈಗ ಯಾವ ದಿನವಾದರೂ ಹಸಿವಾದೊಡನೆ ಅನ್ನ ಕೇಳುತ್ತಾರೆ. ಯಾರು ಬಡಿಸಿದರೂ ಸಂತೋಷದಿಂದ ಉಣ್ಣುತ್ತಾರೆ. ನಾವು ಗೌರವಿಸಬೇಕಾದುದು ಯಾರ ಇಚ್ಛೆಯನ್ನು? ವ್ರತ ಹಿಡಿದಿದ್ದ ಆ ಅತ್ತೆಯದೋ, ಅನ್ನ ಕೇಳುವ ಈ ಅತ್ತೆಯದೋ? ಅಮೆರಿಕದ ನ್ಯಾಯತತ್ತ್ವಜ್ಞ ರೊನಾಲ್ಡ್ ಡ್ವಾರ್ಕಿನ್ 1993ರಲ್ಲಿ ಈ ಬಗೆಯ ಪ್ರಶ್ನೆಯನ್ನೇ ವಿಚಾರಿಸಿ, ಬುದ್ಧಿ ಪೂರ್ಣವಾಗಿದ್ದಾಗ ಮನುಷ್ಯನು ತನ್ನ ಬಾಳಿಗೆ ಕೊಟ್ಟುಕೊಂಡ ರೂಪಕ್ಕೇ ಪ್ರಾಮಾಣ್ಯವೆಂದನು. 1995ರಲ್ಲಿ ರೆಬೆಕಾ ಡ್ರೆಸರ್ ಎಂಬ ವಿದ್ವಾಂಸೆ ಅದನ್ನು ಆಕ್ಷೇಪಿಸಿ, ಈಗ ನಮ್ಮೆದುರಿಗೆ ಇರುವವರ ಸುಖದುಃಖಗಳನ್ನು ಹಿಂದಿನವರ ಆಜ್ಞೆಗೆ ಬಲಿಕೊಡಲಾಗದೆಂದರು. ನನಗೆ ತೋರುವುದು ಹೀಗೆ: ವ್ರತವು ತಿಳಿದು ಹಿಡಿಯುವವರದು, ತಿಳಿಯದವರ ಮೇಲೆ ಹೇರಿದ ಉಪವಾಸ ವ್ರತವಲ್ಲ, ಹಸಿವು. ಅನ್ನವನ್ನು ಕೊಡಬೇಕು. ಆದರೆ ಈಗ ನೋವಾಗದಂತೆ ಉಳಿಸಬಹುದಾದ ಹಿಂದಿನದೆಲ್ಲವನ್ನೂ ಉಳಿಸಬೇಕು: ಮಿಂದ ಮೇಲೆ ಹಣೆಗೆ ವಿಭೂತಿ, ಒಗೆದ ಹತ್ತಿಯ ಸೀರೆ, ಊಟಕ್ಕೆ ಮೊದಲು ಕೈಮುಗಿಯುವಷ್ಟು ಬಿಡುವು. ಆ ಮನೆಯವರು ಈ ಪ್ರಶ್ನೆಯನ್ನು ಕೇಳಿದ್ದೇ ನನಗೆ ಅರ್ಧ ಉತ್ತರವಾಗಿತ್ತು.

ಸತ್ಯದ ವಿಷಯವೂ ಇದರಂತೆಯೇ ಕಠಿನವಾದದ್ದು. ಅತ್ತೆಯವರು ದಿನವೂ ‘ಅಣ್ಣ ಬಂದನೆ?’ ಎನ್ನುವರು. ಅವರ ಅಣ್ಣ, ಎಂದರೆ ನನ್ನ ತಂದೆ, ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಸುಳ್ಳು ಹೇಳಬಾರದೆಂದು ನಾನು ನಿಜವನ್ನೇ ಹೇಳುತ್ತಿದ್ದೆನು. ಪ್ರತಿಸಲವೂ ಅವರು ಅದನ್ನು ಹೊಸದಾಗಿ ಕೇಳಿ ಹೊಸದಾಗಿ ಅತ್ತರು. ಒಂದೇ ಸಾವನ್ನು ಒಬ್ಬರಿಗೆ ಇಪ್ಪತ್ತು ಸಲ ತಂದೊಪ್ಪಿಸಿದ ನನ್ನ ಸತ್ಯನಿಷ್ಠೆಯಲ್ಲಿ ಕರುಣೆಯಿರಲಿಲ್ಲ. ಆ ಮೂರನೆಯ ಮನೆಯಲ್ಲಿ, ತೀರಿಕೊಂಡ ಗಂಡನನ್ನು ಹುಡುಕುತ್ತಿದ್ದ ಒಬ್ಬ ವೃದ್ಧೆಯ ಬಳಿ ಪರಿಚಾರಿಕೆಯೊಬ್ಬಳು ಕುಳಿತು, ಹರಕು ಕನ್ನಡದಲ್ಲಿ, “ಯಜಮಾನರಿಗೆ ಯಾವ ತಿಂಡಿ ಇಷ್ಟ, ಅಮ್ಮ?” ಎಂದಳು. ವೃದ್ಧೆಯ ಮುಖ ಅರಳಿ ಮಾತು ಹರಿಯಿತು. ಅಲ್ಲಿ ಸುಳ್ಳೂ ಇರಲಿಲ್ಲ, ಸಾವಿನ ಸುದ್ದಿಯೂ ಇರಲಿಲ್ಲ. ಆ ಹುಡುಗಿ ಬಂದದ್ದು ದೂರದ ಒಂದು ರಾಜ್ಯದಿಂದ. ತನ್ನ ತಾಯಿಯನ್ನು ಬಿಟ್ಟು ನಮ್ಮವರನ್ನು ನೋಡಿಕೊಳ್ಳಲು ಬಂದವಳು. ಇಂಥವರಿಗೆ ಸಂಬಳವೆಷ್ಟು, ರಾತ್ರಿ ಎಷ್ಟು ಮಂದಿಯನ್ನು ಒಬ್ಬಳೇ ನೋಡಬೇಕು, ವರ್ಷಕ್ಕೊಮ್ಮೆಯಾದರೂ ಊರಿಗೆ ರಜೆಯುಂಟೆ ಎಂದು ವಿಚಾರಿಸುವುದು ಪರೀಕ್ಷೆಯ ಒಂದು ಮುಖ್ಯ ಭಾಗವೆಂದು ನನ್ನ ಮತ. ದಣಿದ ಕೈಯಿಂದ ಮೃದುತ್ವವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಹಾಗೆಯೇ ಅಲ್ಲಿ ಕನ್ನಡವನ್ನು ಚೆನ್ನಾಗಿ ಬಲ್ಲವರು ಸದಾ ಒಬ್ಬರಾದರೂ ಇರಬೇಕು. ಈ ವ್ಯಾಧಿಯಲ್ಲಿ ಕಲಿತ ಭಾಷೆಗಳು ಮೊದಲು ಜಾರಿ ತಾಯ್ನುಡಿಯು ಕಡೆಯವರೆಗೆ ನಿಲ್ಲುವುದುಂಟು.

ಬೀಗದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನೆದರ್‌ಲೆಂಡ್ಸಿನ ವೇಸ್ಪ್ ಎಂಬಲ್ಲಿ 2009ರಲ್ಲಿ ಹೋಗೆವೈಕ್ ಎಂಬ ಒಂದು ಗ್ರಾಮವನ್ನೇ ಇಂಥ ರೋಗಿಗಳಿಗಾಗಿ ತೆರೆದರು. ಆರೇಳು ಮಂದಿಗೊಂದು ಮನೆ, ಬೀದಿ, ಅಂಗಡಿ, ನಾಟಕಶಾಲೆ, ತೋಟ ಎಲ್ಲವೂ ಉಂಟು. ಹೊರಬಾಗಿಲಿಗೆ ಕಾವಲಿದೆ, ಅದರೊಳಗೆ ಎಲ್ಲಿ ಬೇಕಾದರೂ ತಿರುಗಾಡಬಹುದು. ನಾವು ಅಷ್ಟು ದೊಡ್ಡದನ್ನು ಕಟ್ಟಲಾರೆವು. ಆದರೆ ಅದರ ತತ್ತ್ವವನ್ನು ಚಿಕ್ಕ ಅಂಗಳದಲ್ಲಿಯೂ ನಡೆಸಬಹುದು. ಬೀಗವು ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಬೇಕು: ಹೊರಗಿನ ಗೇಟಿಗೋ, ಕೋಣೆಯ ಬಾಗಿಲಿಗೋ, ಕುರ್ಚಿಗೋ?

ಇಷ್ಟೆಲ್ಲ ಏಕೆ, ನೆನಪೇ ಹೋದ ಮೇಲೆ ಅಲ್ಲಿ ಯಾರಿದ್ದಾರೆ ಎಂದು ಕೇಳುವವರುಂಟು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಾಕನು ಮನುಷ್ಯನ ಏಕತೆಯನ್ನು ಅವನ ಸ್ಮೃತಿಸಹಿತವಾದ ಪ್ರಜ್ಞೆಯ ಮೇಲೆ ನಿಲ್ಲಿಸಿದನು. ಅದೇ ಪೂರ್ಣಸತ್ಯವಾದರೆ ನಮ್ಮ ಕರ್ತವ್ಯವು ಮರವೆಯೊಡನೆ ಮುಗಿಯುತ್ತದೆ. ಆದರೆ ಕಾಳಿದಾಸನ ಶಾಕುಂತಲವನ್ನು ನೆನೆಯಿರಿ. ಶಾಪದಿಂದ ದುಷ್ಯಂತನು ಮರೆತನು. ಅವನಿಗೆ ನೆನಪಿಲ್ಲವೆಂದು, ಸಭೆಯಲ್ಲಿ ನಿಂತ ಶಕುಂತಲೆ ಅವನ ಹೆಂಡತಿಯಲ್ಲವೆಂದು ನಮ್ಮಲ್ಲಿ ಯಾರಾದರೂ ಹೇಳುವರೆ? ಸಂಬಂಧವು ಇಬ್ಬರಿಗೆ ಸೇರಿದ್ದು. ಒಬ್ಬರು ಮರೆತರೆ ಮತ್ತೊಬ್ಬರಲ್ಲಿ ಉಳಿಯುತ್ತದೆ. ನಮ್ಮ ಪಾಲಿಗೆ ಯಾವ ಮೀನಿನ ಹೊಟ್ಟೆಯಿಂದಲೂ ಉಂಗುರ ಬರುವುದಿಲ್ಲ. ಆದುದರಿಂದ ನೆನಪಿಡುವ ಕೆಲಸ ಪೂರ್ತಿಯಾಗಿ ನಮ್ಮದೇ. ಇಂಗ್ಲೆಂಡಿನ ಟಾಮ್ ಕಿಟ್‌ವುಡ್ 1997ರಲ್ಲಿ, ವ್ಯಕ್ತಿತ್ವವೆಂಬುದು ಇತರರು ಸಂಬಂಧದ ಮೂಲಕ ಸಲ್ಲಿಸುವ ಒಂದು ಸ್ಥಾನವೆಂದು ಪ್ರತಿಪಾದಿಸಿದನು. ಆ ಸ್ಥಾನವನ್ನು ಸಲ್ಲಿಸುವ ಮನೆಯೇ ಒಳ್ಳೆಯ ಮನೆ. ಅದರ ಗುರುತು ಒಂದೇ: ಅದು ತನ್ನ ವಿಷಯವನ್ನು ಹೇಳುವುದಕ್ಕಿಂತ ಹೆಚ್ಚಾಗಿ ನಮ್ಮವರ ವಿಷಯವನ್ನು ಕೇಳುತ್ತದೆ.

ಕೇಳಿದರೆ ಹೇಳಲು ನಮ್ಮಲ್ಲಿ ಏನಿದೆ ಎಂಬುದು ಬೇರೆ ಪ್ರಶ್ನೆ. ಆ ಪುಸ್ತಕವನ್ನು ತುಂಬಲು ಕುಳಿತಾಗ ನನಗೆ ನಾಚಿಕೆಯಾಯಿತು. ಅತ್ತೆಯವರು ನನಗೆ ಏನೇನು ಮಾಡಿ ಬಡಿಸಿದರೆಂಬುದು ನೆನಪಿತ್ತು. ಅವರಿಗೆ ಏನು ಇಷ್ಟವೆಂಬುದು ತಿಳಿದಿರಲಿಲ್ಲ. ಅವರು ನಮ್ಮನ್ನು ಮರೆಯುವ ಮೊದಲೇ ನಾವು ಅವರನ್ನು ಮರೆತಿದ್ದೆವು. ಊರಿಗೆ ಹೋಗಿ, ಅವರ ವಾರಗೆಯ ಒಬ್ಬ ನೆರೆಮನೆಯವರನ್ನು ಕಂಡು ಕೇಳಿದೆನು. ಚೌಕಾಬಾರದಲ್ಲಿ ಅವರನ್ನು ಗೆದ್ದವರೇ ಇರಲಿಲ್ಲವಂತೆ. ಶಾಲೆಯ ಉಪಾಧ್ಯಾಯಿನಿಯಾಗಬೇಕೆಂದು ಹಿಂದಿಯ ಪರೀಕ್ಷೆಯೊಂದನ್ನು ಕಟ್ಟಿ ತೇರ್ಗಡೆಯಾಗಿದ್ದರಂತೆ. ಮುಂದಿನ ಪರೀಕ್ಷೆಯ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದರು. ಇದನ್ನೆಲ್ಲ ಬರೆದುಕೊಂಡು ಬಂದೆನು.

ಅತ್ತೆಯವರು ಆ ಮನೆಗೆ ಸೇರಿ ಈಗ ಏಳು ತಿಂಗಳಾಯಿತು. ವಾರಕ್ಕೆ ಎರಡು ಸಲ ನಾನು ಹೋಗುತ್ತೇನೆ. ಒಮ್ಮೊಮ್ಮೆ ಹೇಳದೆ ಹೋಗುತ್ತೇನೆ. ಪರೀಕ್ಷೆ ಒಂದು ದಿನಕ್ಕೆ ಮುಗಿಯುವುದಲ್ಲ. ಅವರಿಗೆ ನಾನು ಯಾರೆಂದು ತಿಳಿಯದು. ಕೆಲವು ಸಲ ‘ಅಣ್ಣ’ ಎನ್ನುತ್ತಾರೆ. ಮೇಲ್ವಿಚಾರಕಿಯವರು ಸೀಮೆಸುಣ್ಣದಿಂದ ನೆಲದ ಮೇಲೆ ಚೌಕಾಬಾರದ ಮನೆಗಳನ್ನು ಬರೆಸಿದ್ದಾರೆ. ಆಟದ ನಿಯಮ ಅತ್ತೆಯವರಿಗೆ ನೆನಪಿಲ್ಲ. ಆದರೆ ಕವಡೆಗಳನ್ನು ಕೈಗೆ ಕೊಟ್ಟರೆ ಬೆರಳುಗಳು ತಾವಾಗಿಯೇ ಕುಲುಕಿ ಚೆಲ್ಲುತ್ತವೆ. ಬಿದ್ದುದು ಎಷ್ಟೇ ಆದರೂ ನಗುತ್ತಾರೆ. ನಾನು ಎದುರಿಗೆ ಕುಳಿತು ಕಾಯಿ ನಡೆಸುತ್ತೇನೆ.