ಸ್ವಭಾವವೂ ಆಶ್ರಯವೂ

ವಸ್ತುವಿನ ಗುಣವು ಅದರ ಸ್ವಭಾವದಿಂದ ಬಂದುದೋ, ಅದು ಸೇರಿದ ಆಶ್ರಯದಿಂದ ಬಂದುದೋ ಎಂಬ ಪ್ರಶ್ನೆಯು ಬಹಳ ಹಳೆಯದು. ಇದಕ್ಕೆ ನಮ್ಮ ರಕ್ತದಲ್ಲಿರುವ ಕಬ್ಬಿಣವೇ ಒಳ್ಳೆಯ ದೃಷ್ಟಾಂತವೆಂದು ನನಗೆ ತೋರುತ್ತದೆ.

ಬೆಳೆದ ಮನುಷ್ಯನ ಶರೀರದಲ್ಲಿರುವ ಕಬ್ಬಿಣವೆಲ್ಲವನ್ನೂ ಕೂಡಿಸಿದರೆ ಸುಮಾರು 3ರಿಂದ 4 ಗ್ರಾಂ, ಒಂದು ಮೊಳೆಯಷ್ಟು. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ರಕ್ತದ ಹೀಮೋಗ್ಲೋಬಿನ್ನಿನಲ್ಲಿದೆ. ಬಾವಿಯ ರಾಟೆಯ ಕಬ್ಬಿಣವು ಗಾಳಿನೀರುಗಳ ಸಂಗದಿಂದ ಆಮ್ಲಜನಕವನ್ನು ಹಿಡಿದು ತುಕ್ಕಾಗುವುದು. ಹಿಡಿದುದನ್ನು ಮತ್ತೆ ಬಿಡದು. ರಕ್ತದ ಕಬ್ಬಿಣವಾದರೋ ಅದೇ ಆಮ್ಲಜನಕವನ್ನು ಶ್ವಾಸಕೋಶದಲ್ಲಿ ಹಿಡಿದು, ದೂರದ ಅಂಗಗಳಿಗೆ ಒಯ್ದು, ಅಲ್ಲಿ ಬಿಟ್ಟುಕೊಟ್ಟು ಹಿಂದಿರುಗುವುದು.

ಈ ಭೇದಕ್ಕೆ ಕಾರಣವೇನು? ಹೀಮೋಗ್ಲೋಬಿನ್ನಿನ ರಚನೆಯನ್ನು ಕಂಡುಹಿಡಿದು 1962ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಮ್ಯಾಕ್ಸ್ ಪೆರುಟ್ಜರ ಶೋಧನೆಯು ಇದನ್ನು ತಿಳಿಯಲು ದಾರಿಮಾಡಿತು. ಅದರ ಒಂದೊಂದು ಅಣುವಿನಲ್ಲಿಯೂ ಪ್ರೋಟೀನಿನ ಮಡಿಕೆಗಳ ನಡುವೆ ನಾಲ್ಕು ಗೂಡುಗಳಿವೆ; ಗೂಡಿಗೊಂದು ಕಬ್ಬಿಣದ ಪರಮಾಣು. ಆ ಗೂಡು ಕಬ್ಬಿಣವನ್ನು ತುಕ್ಕಿನ ಮಾರ್ಗದಿಂದ ತಡೆದು, ಹಿಡಿಯುವುದಕ್ಕೂ ಬಿಡುವುದಕ್ಕೂ ಅನುವು ಮಾಡಿಕೊಡುವುದು.

ಹಾಗಾದರೆ ಆಶ್ರಯವೇ ಸರ್ವಸ್ವವೆನ್ನೋಣವೆ? ಅದೂ ಸಲ್ಲದು. ಶರೀರದಲ್ಲಿ ಕಬ್ಬಿಣವು ಸಾಲದಾದಾಗ ಅದರ ಸ್ಥಾನದಲ್ಲಿ ಸತುವು ಬಂದು ಕೂರುವುದುಂಟು. ಆದರೆ ಸತುವು ಆಮ್ಲಜನಕವನ್ನು ಹೊರಲಾರದು. ಆದುದರಿಂದ ಯೋಗ್ಯತೆಯು ಸ್ವಭಾವದ್ದು. ಅದು ಫಲಿಸುವುದು ಆಶ್ರಯದಿಂದ.

ಇನ್ನೂ ಒಂದು ವಿಶೇಷವುಂಟು. ಗೂಡಿನಲ್ಲಿದ್ದರೂ ನಿತ್ಯವೂ ಸ್ವಲ್ಪ ಭಾಗ ಕಬ್ಬಿಣವು ಕೆಟ್ಟು ಹೊರುವ ಶಕ್ತಿಯನ್ನು ಕಳೆದುಕೊಳ್ಳುವುದು. ಶರೀರವು ಅದನ್ನು ಅಲ್ಲಿಗೇ ಬಿಟ್ಟುಬಿಡುವುದಿಲ್ಲ. ಇದಕ್ಕೆಂದೇ ಇರುವ ಕಿಣ್ವವೊಂದು ಅದನ್ನು ಪೂರ್ವಸ್ಥಿತಿಗೆ ತರುವುದು. ಈ ಕಾರ್ಯವು ದಿನವೂ ನಡೆಯುತ್ತಿರುವುದು.

ನಾನು ಬಹುಕಾಲ ಪಾಠ ಹೇಳಿದವನು. ವ್ಯಾಕರಣವು ತಲೆಗೆ ಹತ್ತದ ಒಬ್ಬ ಹುಡುಗನನ್ನು ‘ಇವನ ಸ್ವಭಾವವೇ ಇಷ್ಟು’ ಎಂದು ಕಡೆಯ ಸಾಲಿನಲ್ಲಿ ಕೂರಿಸಿ ಮರೆತಿದ್ದೆ. ಅವನು ಶಾಲೆ ಬಿಟ್ಟು ಬಡಗಿಯೊಬ್ಬನ ಬಳಿ ಸೇರಿದನು. ಆ ಬಡಗಿಯು ತಪ್ಪಿದಾಗಲೆಲ್ಲ ತಿದ್ದಿದನು. ಇಂದು ನಮ್ಮ ಮನೆಯ ಮುಂಬಾಗಿಲು ಅವನ ಕೈಯದು. ಮಳೆಗಾಲದಲ್ಲಿಯೂ ಬಿಗಿಯದೆ ತೆರೆಯುತ್ತದೆ. ಆ ಬಾಗಿಲನ್ನು ದಾಟುವಾಗಲೆಲ್ಲ ನನಗೆ ಅನ್ನಿಸುವುದಿಷ್ಟು: ನಾನು ಅಂದು ಸ್ವಭಾವವೆಂದು ಕರೆದುದು ತುಕ್ಕನ್ನು. ಗೂಡನ್ನು ಕೊಡುವುದು ನನ್ನ ಕೆಲಸವಾಗಿತ್ತು.