ಮತದ ಹಕ್ಕು, ಮನಸ್ಸಿನ ಹಕ್ಕು

ಬ್ರಿಟನ್ನಿನ ಮಹಿಳೆಯರು ಮತದಾನದ ಹಕ್ಕಿಗಾಗಿ ನಡೆಸಿದ ಹೋರಾಟವನ್ನು ಕುರಿತ ಐತಿಹಾಸಿಕ ಕಾದಂಬರಿಗಳಲ್ಲಿ ನಿಷಿದ್ಧ ಪ್ರೇಮದ ಎಳೆಯೊಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗಂಭೀರ ಓದುಗರು ಇದಕ್ಕೆ ಮೂಗು ಮುರಿಯುತ್ತಾರೆ. ಜೈಲು, ಉಪವಾಸ, ನಳಿಕೆ ತೂರಿಸಿ ಬಲವಂತವಾಗಿ ಉಣಿಸಿದ ಹಿಂಸೆ ಎಲ್ಲ ಇರುವಾಗ ಪ್ರೇಮದ ಒಗ್ಗರಣೆ ಯಾಕೆ ಎಂಬುದು ಅವರ ತಕರಾರು. ಆ ತಕರಾರಿನಲ್ಲಿ ಹುರುಳಿದೆ. ಆದರೂ ಪ್ರೇಮವನ್ನು ಹೊರಗಿಟ್ಟರೆ ಹೋರಾಟದ ತಿರುಳೇ ಕೈತಪ್ಪುತ್ತದೆ ಎಂಬುದು ನನ್ನ ವಾದ.

ಗಂಡ ಹಾಕಿದ ಮತ ಇಡೀ ಮನೆಯ ಮತ ಎನ್ನುತ್ತಿದ್ದರು ವಿರೋಧಿಗಳು. ಅದರ ಹಿಂದೆ ಹಳೆಯ ಕಾನೂನಿನ ಬಲವಿತ್ತು. 1857ರ ವಿಚ್ಛೇದನ ಕಾಯ್ದೆಯಲ್ಲಿ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಮಾಡಿದರೆ ಗಂಡನಿಗೆ ಬಿಡುಗಡೆ; ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ತೋರಿಸಬೇಕಿತ್ತು. 1923ರವರೆಗೂ ಇದೇ ನ್ಯಾಯ. ಹೆಂಡತಿಗೆ ಗಂಡನದ್ದಲ್ಲದ ಅಭಿಪ್ರಾಯವೊಂದು ಇರಬಹುದು ಎಂದು ಒಮ್ಮೆ ಒಪ್ಪಿದರೆ, ಅದು ಮತಪೆಟ್ಟಿಗೆಯ ಹತ್ತಿರವೇ ನಿಂತುಬಿಡುತ್ತದೆಯೇ? ಯಾರೊಂದಿಗೆ ಬಾಳಬೇಕು, ಯಾರನ್ನು ಬಿಡಬೇಕು ಎಂಬಲ್ಲಿಗೂ ಬರುತ್ತದೆ. ವಿರೋಧಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಮತ ಕೊಟ್ಟರೆ ಸಂಸಾರ ಒಡೆಯುತ್ತದೆ ಎಂದು ಕೂಗಿದರು. ಹಾಗಾಗಿ ನಾಯಕಿಯರು ತಾವು ಮರ್ಯಾದಸ್ಥ ಗೃಹಿಣಿಯರು, ತಾಯಂದಿರು ಎಂದು ಸಾರಿಕೊಳ್ಳಬೇಕಾಯಿತು. ಹೋರಾಟವೇ ಮುಚ್ಚಿಟ್ಟುಕೊಂಡದ್ದನ್ನು ತೆರೆದು ನೋಡುವ ಕೆಲಸ ಕಾದಂಬರಿಯದು.

ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಬದುಕನ್ನೇ ನೋಡಿ. ಹೋರಾಟದ ನಾಯಕಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಮಗಳು, ಕಲಾವಿದೆ, ಜೈಲು ಕಂಡವಳು. ಆಕೆ ಪ್ರೀತಿಸಿದ್ದು ಲೇಬರ್ ಪಕ್ಷ ಕಟ್ಟಿದ ಕೀರ್ ಹಾರ್ಡಿಯನ್ನು. ಆತ ಮದುವೆಯಾದವನು, ಆಕೆಗಿಂತ ಇಪ್ಪತ್ತಾರು ವರ್ಷ ದೊಡ್ಡವನು. 1909ರಲ್ಲಿ ಕೈದಿ ಹೆಂಗಸರಿಗೆ ಬಲವಂತವಾಗಿ ಉಣಿಸತೊಡಗಿದಾಗ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಪ್ರಶ್ನಿಸಿದವನು ಅವನೇ. ಆ ಪ್ರಶ್ನೆಯಲ್ಲಿ ಪ್ರೇಮ ಎಷ್ಟು, ರಾಜಕೀಯ ಎಷ್ಟು ಎಂದು ಯಾರು ಅಳೆದಾರು? 1915ರಲ್ಲಿ ಹಾರ್ಡಿ ತೀರಿಕೊಂಡ. 1927ರ ಡಿಸೆಂಬರಿನಲ್ಲಿ, ನಲವತ್ತೈದರ ಸಿಲ್ವಿಯಾ ಇಟಲಿಯ ಸಿಲ್ವಿಯೊ ಕೊರಿಯೊನಿಂದ ಮಗನನ್ನು ಪಡೆದಳು, ಮದುವೆಯಾಗಲು ಒಪ್ಪಲಿಲ್ಲ. ಮಗುವಿನ ಹೆಸರಿನಲ್ಲಿ 'ಕೀರ್' ಎಂದೂ ಸೇರಿಸಿದಳು. ತಾಯಿ ಎಮೆಲಿನ್ ಈ ಸುದ್ದಿಯಿಂದ ಕುಸಿದರು, ಮಗಳೊಂದಿಗೆ ರಾಜಿಯಾಗಲಿಲ್ಲ. 1928ರ ಜೂನ್ 14ರಂದು ಅವರು ತೀರಿಕೊಂಡರು. ಗಂಡಸರಂತೆ ಹೆಂಗಸರಿಗೂ ಇಪ್ಪತ್ತೊಂದಕ್ಕೇ ಮತ ಕೊಡುವ ಕಾಯ್ದೆ ಜಾರಿಗೆ ಬಂದದ್ದು ಜುಲೈ 2ರಂದು.

ಆ ತಾಯಿಯನ್ನು ಹಳಿಯಲು ನನಗೆ ಮನಸ್ಸು ಬಾರದು. ಕಲ್ಲೇಟು, ನಿಂದೆಗಳ ನಡುವೆ ಮರ್ಯಾದೆಯೊಂದೇ ಆಕೆಗೆ ರಕ್ಷೆಯಾಗಿತ್ತು. ಆದರೆ ಮಗಳ ಆಯ್ಕೆ ತಾಯಿಯ ವಾದದಿಂದಲೇ ಹುಟ್ಟಿದ್ದು.

ತಕರಾರಿನ ಹುರುಳು ಎಲ್ಲಿದೆ ಎಂದರೆ, ಪ್ರೇಮದ ಸೋಲನ್ನೇ ರಾಜಕೀಯಕ್ಕೆ ಕಾರಣವಾಗಿ ತೋರಿಸುವಲ್ಲಿ. ಟ್ರೇಸಿ ಶೆವಲಿಯರ್ ಅವರ 'ಫಾಲಿಂಗ್ ಏಂಜೆಲ್ಸ್' ಕಾದಂಬರಿಯಲ್ಲಿ ಕಿಟ್ಟಿ ಕೋಲ್‌ಮನ್ ಸ್ಮಶಾನದ ಮೇಲ್ವಿಚಾರಕನನ್ನು ಪ್ರೀತಿಸಿ, ಬಸುರಾಗಿ, ಅದನ್ನು ತೆಗೆಸಿಕೊಂಡು, ಬರಿದಾದ ಮೇಲೆ ಹೋರಾಟಕ್ಕೆ ಸೇರುತ್ತಾಳೆ. ಮತದ ಹಕ್ಕಿಗಾಗಿ 1908ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಸಭೆಯ ದಿನವೇ ನೆರೆಮನೆಯ ಹುಡುಗಿಯ ಸಾವು. ಕುಶಲ ಬರಹವೇ ಸರಿ. ಆದರೂ ಮತದಾನ ಇಲ್ಲಿ ಭಗ್ನಹೃದಯದ ಸಮಾಧಾನವಾಗುತ್ತದೆ, ಸಾವು ಶಿಕ್ಷೆಯಂತೆ ಕಾಣುತ್ತದೆ. ಒಬ್ಬಳಿಗೆ ಪ್ರೇಮವೂ ಬೇಕು, ಮತವೂ ಬೇಕು, ಒಂದು ಇನ್ನೊಂದಕ್ಕೆ ಬದಲಿಯಲ್ಲ ಎಂದು ಕಾದಂಬರಿ ಯಾಕೆ ನಂಬಬಾರದು?

ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಎರಡೂ ಬೇಕಿದ್ದವು. ಬಾಲವಿಧವೆಯಾಗಿದ್ದ ಅವರು ಕವಿ ಹರೀಂದ್ರನಾಥರನ್ನು ಮದುವೆಯಾಗಿ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದರು. ಮುಂದೆ ಆ ಮದುವೆಯಿಂದಲೂ ಹೊರಬಂದರು. ಅದೇ ಮತದ ಹೋರಾಟಕ್ಕಾಗಿ ಲಂಡನ್ನಿನ ಹಾಲೊವೇ ಜೈಲಿನಲ್ಲಿದ್ದು ಬಂದ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತು ಅಲ್ಪ ಮತಗಳಿಂದ ಸೋತರು. ಕನ್ನಡದ ಕಾದಂಬರಿಕಾರರು ಆ ಚುನಾವಣೆಯ ದಿನಗಳನ್ನು ಕೈಗೆತ್ತಿಕೊಳ್ಳಲಿ. ಆದರೆ ಆಕೆಯ ಪ್ರೇಮವನ್ನು ಆಕೆಯ ಉಮೇದುವಾರಿಕೆಗೆ ನೆಪ ಮಾಡದಿರಲಿ.